ಹೊಸ ಸ್ಪೀಕರ್ ಹಾಕಿದ ಮೇಲೆ ಬಾಸ್ ಮಾಯ! ಹಳೇದೇ ವಾಸಿ ಅನಿಸುತ್ತಿದೆ, ಸಹಾಯ ಮಾಡಿ

ತೀರ್ಥಹಳ್ಳಿ_ಹುಡುಗ · ಭಾನುವಾರ, ರಾತ್ರಿ 9:50

ತಲೆ ಕೆಟ್ಟು ಹೋಗಿದೆ. ಕಾರಿನ ಮುಂದಿನ ಎರಡು ಡೋರ್‌ಗೆ ಹೊಸ 6.5 ಇಂಚಿನ ಕೋಆಕ್ಸಿಯಲ್ ಸ್ಪೀಕರ್ ಹಾಕಿದೆ. ಅಂಗಡಿಗೆ ಕೊಡದೆ ನಾನೇ ಹಾಕಿದ್ದು. ಬೆಳಿಗ್ಗೆ 9ಕ್ಕೆ ಡೋರ್ ಪ್ಯಾಡ್ ಬಿಚ್ಚಲು ಕೂತವನು ಊಟಕ್ಕೂ ಏಳಲಿಲ್ಲ. ಮೂರು ಕ್ಲಿಪ್ ಮುರಿದವು, ಅದು ಇರಲಿ.

ಎಲ್ಲ ಮುಗಿಸಿ ಹಾಡು ಹಾಕಿದರೆ ಬಾಸ್ ಅನ್ನುವುದೇ ಇಲ್ಲ! ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ತಬಲಾ ಹೊಡೆದರೆ ಬಿಸ್ಕತ್ ಡಬ್ಬಿ ತಟ್ಟಿದ ಹಾಗೆ ಕೇಳುತ್ತದೆ. ಬಾಕ್ಸ್ ಮೇಲೆ 350 ವಾಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಕಿತ್ತು ಹಾಕಿದ ಹಳೇ ಸ್ಪೀಕರ್ ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಆದರೂ ಅದೇ ಇದಕ್ಕಿಂತ ಚೆನ್ನಾಗಿತ್ತು. ಅಪ್ಪ ಎರಡು ನಿಮಿಷ ಕೇಳಿ, "ಇದಕ್ಕಾ ದುಡ್ಡು ಕೊಟ್ಟಿದ್ದು?" ಅಂತ ಒಳಗೆ ಹೋದರು.

ವೈರಿಂಗ್ ಎಲ್ಲ ಸರಿಯಾಗಿದೆ, ಅದನ್ನು ಕೇಳಬೇಡಿ. ಏನು ಮಾಡಲಿ?

ನಾಲ್ಕು_ಚಾನೆಲ್ · ಭಾನುವಾರ, ರಾತ್ರಿ 10:15

ಯಾವ ಕಾರು? ಡೆಕ್ (ಹಾಡು ಹಾಕುವ ಸ್ಟೀರಿಯೊ) ಯಾವುದು? ಆಂಪ್ (ಪವರ್ ಹೆಚ್ಚಿಸುವ ಆಂಪ್ಲಿಫೈಯರ್) ಇದೆಯಾ? ಜಾತಕ ಕೊಡದೆ ಹೆಣ್ಣು ಕೇಳಲು ಬಂದ ಹಾಗಾಯಿತು ಇದು.

ಆಂಪ್ ಇಲ್ಲ ಅಂದುಕೊಂಡೇ ಹೇಳುತ್ತೇನೆ. ಆ 350 ವಾಟ್ ಮರೆತುಬಿಡಿ. ಅದು ಪೀಕ್, ಒಂದು ಕ್ಷಣ ಮಾತ್ರ ತಡೆಯುವಷ್ಟು. ಬಾಕ್ಸಿನ ಹಿಂದೆ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ (ಸತತವಾಗಿ ತಡೆಯುವ ಪವರ್) ಅಂತ ಇರುತ್ತದೆ, ಅದನ್ನು ನೋಡಿ. ಡೆಕ್ ಮೇಲೆ 50×4 ಅಂತ ಬರೆದಿದ್ದರೂ ಒಂದು ಚಾನೆಲ್‌ಗೆ ನಿಜವಾಗಿ ಬರುವುದು 15ರಿಂದ 20 ವಾಟ್. ಹಳೇ ಸ್ಪೀಕರ್‌ದು ಹಗುರ ಪೇಪರ್ ಕೋನ್ (ಮುಂದೆ ಹಿಂದೆ ಅಲ್ಲಾಡುವ ಭಾಗ), ಅಷ್ಟೇ ಪವರ್‌ಗೆ ಕುಣಿಯುತ್ತದೆ. ಹೊಸದರ ಕೋನ್ ಭಾರ. ಸೆನ್ಸಿಟಿವಿಟಿ (ಕೊಟ್ಟ ಪವರ್‌ಗೆ ಎಷ್ಟು ಜೋರು ಅನ್ನುವ ಲೆಕ್ಕ) 3 ಡೆಸಿಬೆಲ್ ಕಡಿಮೆ ಇದ್ದರೆ ಅಷ್ಟೇ ಸೌಂಡ್ ಬರಲು ಎರಡರಷ್ಟು ಪವರ್ ಬೇಕು. ಒಂದು ನಾಲ್ಕು ಚಾನೆಲ್ ಆಂಪ್ ಹಾಕಿ, ಕಥೆ ಮುಗಿಯಿತು.

ಬ್ಯುಟೈಲ್_ಬಾಸ್ · ಭಾನುವಾರ, ರಾತ್ರಿ 10:40

ಈ ಫೋರಂನಲ್ಲಿ ಹೊಟ್ಟೆನೋವು ಅಂದರೂ ಆಂಪ್ ಹಾಕಿ ಅನ್ನುತ್ತಾರೆ.

ಗುರು, ನಿಮ್ಮ ಡೋರ್ ಒಂದು ತಗಡಿನ ಡಬ್ಬಿ. ಕೋನ್ ಮುಂದಕ್ಕೆ ತಳ್ಳಿದಾಗ ಹಿಂದೆಯೂ ಅಷ್ಟೇ ಸೌಂಡ್ ಉಲ್ಟಾ ಹುಟ್ಟುತ್ತದೆ. ಅದು ಡೋರಿನ ತೂತುಗಳಿಂದ ಈಚೆ ಬಂದು ಮುಂದಿನ ಬಾಸನ್ನು ತಿಂದು ಹಾಕುತ್ತದೆ. ಹೊರಗಿನ ತಗಡಿಗೆ ಒಳಗಿನಿಂದ ಬ್ಯುಟೈಲ್ ಶೀಟ್ (ನಡುಕ ತಡೆಯುವ ರಬ್ಬರಿನಂಥ ಶೀಟ್) ಅಂಟಿಸಿ, ರೋಲರ್ ಹಾಕಿ ಒತ್ತಿ. ಸ್ಪೀಕರ್ ಸುತ್ತ ಫೋಮ್ ಕೊಡಿ. ಒಂದು ತೂತೂ ಬಿಡಬೇಡಿ. ಆಮೇಲೆ ಬಂದು ನನಗೆ ಥ್ಯಾಂಕ್ಸ್ ಹೇಳಿ.

ಮಲ್ಟಿಮೀಟರ್_ಮಾಮ · ಭಾನುವಾರ, ರಾತ್ರಿ 10:52

ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿ ಕೇಳಿ. ಆಮೇಲೆ ಪೂರ್ತಿ ಬಲಕ್ಕೆ. ಆಗ ಬಾಸ್ ಬರುತ್ತದಾ?

ತೀರ್ಥಹಳ್ಳಿ_ಹುಡುಗ · ಸೋಮವಾರ, ಬೆಳಿಗ್ಗೆ 7:30

2015ರ ಸ್ವಿಫ್ಟ್. ಆಂಪ್ ಇಲ್ಲ. ಡೆಕ್ ಮೊದಲಿಂದ ಇದ್ದದ್ದೇ. ಹಿಂದಿನ ಡೋರ್‌ಗೆ ಸ್ಪೀಕರ್ ಇಲ್ಲ. ಸ್ಪೀಕರ್ ಕೂರಿಸಲು ಬಡಗಿಯ ಹತ್ತಿರ ಎಂಡಿಎಫ್ ರಿಂಗ್ ಕೊಯ್ಯಿಸಿದೆ, ಇಲ್ಲದಿದ್ದರೆ ಗಾಜು ಇಳಿಸುವಾಗ ಮ್ಯಾಗ್ನೆಟ್‌ಗೆ ತಾಗುತ್ತಿತ್ತು. @ಬ್ಯುಟೈಲ್_ಬಾಸ್ ಶೀಟ್ ಎಷ್ಟು ದಪ್ಪದ್ದು ತಗೊಳ್ಳಲಿ?

ತಾಮ್ರದ_ತಂತಿ · ಸೋಮವಾರ, ಬೆಳಿಗ್ಗೆ 8:05

ಎಂಡಿಎಫ್?? ತೀರ್ಥಹಳ್ಳಿ ಮಳೆಗೆ? ಡೋರಿನ ಒಳಗೆ ನೀರು ಇಳಿಯುತ್ತದೆ ಸ್ವಾಮಿ. ಎಂಡಿಎಫ್ ಅಂದರೆ ಅಂಟು ಹಾಕಿ ಒತ್ತಿದ ಮರದ ಹುಡಿ. ನೀರು ಕುಡಿದರೆ ಹಪ್ಪಳದ ಹಾಗೆ ಏಳುತ್ತದೆ. ಪ್ಲಾಸ್ಟಿಕ್ ರಿಂಗ್ ಹಾಕಿ.

ಇನ್ನೊಂದು. ಡೋರಿಗೆ ಹೋಗುವ ವೈರ್ ಬದಲಿಸಿದ್ದೀರಾ? ಆ ಕೂದಲಿನಂಥ ವೈರ್‌ನಲ್ಲಿ ಬಾಸ್ ಎಲ್ಲಿಂದ ಬರಬೇಕು? ಶುದ್ಧ ತಾಮ್ರದ್ದು ಎಳೆಯಿರಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವುದು ತಾಮ್ರ ಬಳಿದ ಅಲ್ಯೂಮಿನಿಯಂ, ಅದು ಬೇಡ.

ಬ್ಯುಟೈಲ್_ಬಾಸ್ · ಸೋಮವಾರ, ಬೆಳಿಗ್ಗೆ 8:20

2 ಎಂಎಂ ಸಾಕು. ಎಂಡಿಎಫ್‌ಗೆ ಎರಡು ಕೋಟ್ ವಾರ್ನಿಷ್ ಹೊಡೆದರೆ ಏನೂ ಆಗುವುದಿಲ್ಲ. ನನ್ನ ಕಾರಿನಲ್ಲಿ ಆರು ವರ್ಷದಿಂದ ಇದೆ.

ತಾಮ್ರದ_ತಂತಿ · ಸೋಮವಾರ, ಬೆಳಿಗ್ಗೆ 8:31

ನೀವು ಇರುವುದು ರಾಯಚೂರಿನಲ್ಲಿ. ಅಲ್ಲಿ ಹಪ್ಪಳ ಹೊರಗಿಟ್ಟರೂ ಮೆತ್ತಗಾಗುವುದಿಲ್ಲ.

ಮಲ್ಟಿಮೀಟರ್_ಮಾಮ · ಸೋಮವಾರ, ಮಧ್ಯಾಹ್ನ 1:10

ವೈರ್ ವಿಷಯಕ್ಕೆ ಒಂದು ಲೆಕ್ಕ. 18 ಗೇಜ್ ತಾಮ್ರಕ್ಕೆ ಮೀಟರಿಗೆ ಸುಮಾರು 0.021 ಓಮ್. ಹೋಗಿ ಬರಲು 6 ಮೀಟರ್ ಅಂದುಕೊಂಡರೂ ಒಟ್ಟು 0.13 ಓಮ್. 4 ಓಮ್ ಸ್ಪೀಕರ್ ಮುಂದೆ ಇದು ಕಿವಿಗೆ ಗೊತ್ತಾಗುವುದೇ ಇಲ್ಲ. 20 ವಾಟ್‌ಗೆ ಕಾರಿನ ಜೊತೆ ಬಂದ ವೈರೇ ಸಾಕು.

ತಮ್ಮಾ, ಬ್ಯಾಲೆನ್ಸ್ ತಿರುಗಿಸಿ ನೋಡಿದೆಯಾ?

ತಾಮ್ರದ_ತಂತಿ · ಸೋಮವಾರ, ಮಧ್ಯಾಹ್ನ 1:42

ಲೆಕ್ಕದಲ್ಲಿ ಎಲ್ಲ ಸರಿ ಇರುತ್ತದೆ ಸರ್. ಕಿವಿ ಬೇರೆ ಹೇಳುತ್ತದೆ.

ಟ್ರಂಕ್_ಫುಲ್ · ಮಂಗಳವಾರ, ರಾತ್ರಿ 11:30

ನನ್ನ ಸೆಟಪ್: ಮುಂದೆ ಹರ್ಟ್ಜ್ ಕಂಪನಿಯ ಕಾಂಪೊನೆಂಟ್ ಸ್ಪೀಕರ್, ಡಿಕ್ಕಿಯಲ್ಲಿ 12 ಇಂಚಿನ ಸಬ್ (ಬಾಸ್‌ಗೇ ಇರುವ ಸ್ಪೀಕರ್) ಎರಡು, ಡಿಎಸ್‌ಪಿ, ಮೋನೊಬ್ಲಾಕ್ ಬೇರೆ. ನಾಲ್ಕು ಡೋರ್, ಫ್ಲೋರ್, ರೂಫ್ ಎಲ್ಲ ಕಡೆ ಡ್ಯಾಂಪಿಂಗ್ ಶೀಟ್. ಜೆಸಿ ರೋಡ್‌ನಲ್ಲಿ ನಿಲ್ಲಿಸಿ ಹಾಕಿದರೆ ಪಕ್ಕದ ಆಟೋದ ಕನ್ನಡಿ ನಡುಗುತ್ತದೆ. ಸ್ಟೆಪ್ನಿ ಮನೆಯಲ್ಲೇ ಇಟ್ಟಿದ್ದೇನೆ, ಜಾಗ ಇಲ್ಲ.

ಬಾಸ್ ಬೇಕು ಅಂದರೆ ಸಬ್ ಹಾಕಿ. ಡೋರ್ ಸ್ಪೀಕರ್‌ನಲ್ಲಿ ಬಾಸ್ ಹುಡುಕುವುದು ಎಳನೀರಿನಲ್ಲಿ ಕಾಫಿ ಹುಡುಕಿದ ಹಾಗೆ.

ನಾಲ್ಕು_ಚಾನೆಲ್ · ಬುಧವಾರ, ಬೆಳಿಗ್ಗೆ 9:12

ಸ್ಟೆಪ್ನಿ ಇಲ್ಲದೆ ಬಾಸ್ ಇಟ್ಟುಕೊಂಡು ಏನು ಮಾಡುತ್ತೀರಿ, ಪಂಕ್ಚರ್ ಆದರೆ ಹಾಡು ಕೇಳುತ್ತಾ ಕೂರುವುದಾ?

ಹುಡುಗ, ನನ್ನ ಮಾತು ಕೇಳು. ಆಂಪ್ ಹಾಕಿದರೆ ಅದರ ಗೇನ್ (ಡೆಕ್ ಸಿಗ್ನಲ್‌ಗೆ ಹೊಂದಿಸುವ ತಿರುಪು) ಅನ್ನು ವಾಲ್ಯೂಮ್ ಅಂದುಕೊಂಡು ಪೂರ್ತಿ ತಿರುಗಿಸಬೇಡ. ಸ್ಪೀಕರ್ ವೈರ್ ಬಿಚ್ಚು, 1000 ಹರ್ಟ್ಜ್ ಟೋನ್ ಹಾಕು, ಡೆಕ್ ವಾಲ್ಯೂಮ್ ಮುಕ್ಕಾಲಿಗೆ ಇಡು. ಆಂಪ್ ಔಟ್‌ಪುಟ್‌ನಲ್ಲಿ ಎಸಿ ವೋಲ್ಟ್ ಅಳೆ. 4 ಓಮ್‌ಗೆ 50 ವಾಟ್ ಅಂದರೆ 14.1 ವೋಲ್ಟ್. ಅಲ್ಲಿಗೆ ನಿಲ್ಲಿಸು. ಬ್ಯಾಟರಿಯಿಂದ ಬರುವ ವೈರ್‌ಗೆ ಬ್ಯಾಟರಿ ಹತ್ತಿರವೇ, ಒಂದೂವರೆ ಅಡಿ ಒಳಗೆ ಫ್ಯೂಸ್ ಹಾಕು. ಇದೊಂದು ಮರೆತರೆ ಕಾರೇ ಹೋಗುತ್ತದೆ.

ತೀರ್ಥಹಳ್ಳಿ_ಹುಡುಗ · ಮುಂದಿನ ಭಾನುವಾರ, ಸಂಜೆ 6:20

ಡ್ಯಾಂಪಿಂಗ್ ಮುಗಿಯಿತು. ಎರಡು ಡೋರ್‌ಗೆ ₹3,200. ಎರಡು ಬೆರಳು ಕೊಯ್ದುಕೊಂಡೆ. ಹೊರ ತಗಡು, ಒಳ ತಗಡು ಎಲ್ಲ ಮುಚ್ಚಿದೆ. ಡೋರಿನ ಅಡಿಯ ಅಂಚಿನಲ್ಲಿದ್ದ ಸಣ್ಣ ಸೀಳುಗಳನ್ನೂ ಬಿಡಲಿಲ್ಲ. ಈಗ ಡೋರ್ ಫ್ರಿಜ್ ಬಾಗಿಲಿನ ಹಾಗೆ ಧಬ್ ಅಂತ ಮುಚ್ಚುತ್ತದೆ. ಅಪ್ಪನಿಗೂ ಅದು ಇಷ್ಟವಾಯಿತು.

ಬಾಸ್ ಮಾತ್ರ ಇಲ್ಲ. ಹೇಗಿತ್ತೋ ಹಾಗೇ ಇದೆ.

ಬ್ಯುಟೈಲ್_ಬಾಸ್ · ಮುಂದಿನ ಭಾನುವಾರ, ಸಂಜೆ 6:45

ಒಂದು ಲೇಯರ್ ಹಾಕಿದೆಯಾ ಎರಡಾ? ಮ್ಯಾಗ್ನೆಟ್ ಹಿಂದೆ ಇನ್ನೊಂದು ತುಂಡು ಅಂಟಿಸು.

ಮಲ್ಟಿಮೀಟರ್_ಮಾಮ · ಮುಂದಿನ ಭಾನುವಾರ, ಸಂಜೆ 7:00

ಇನ್ನು ಒಂದು ರೂಪಾಯಿಯೂ ಖರ್ಚು ಮಾಡಬೇಡ ಮಾರಾಯ. ಬ್ಯಾಲೆನ್ಸ್. ಎಡ, ಬಲ. ಮೂರನೇ ಸಲ ಕೇಳುತ್ತಿದ್ದೇನೆ. ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ.

ತೀರ್ಥಹಳ್ಳಿ_ಹುಡುಗ · ಮುಂದಿನ ಭಾನುವಾರ, ಸಂಜೆ 7:25

ಅಯ್ಯೋ.

ಪೂರ್ತಿ ಎಡಕ್ಕೆ ಹಾಕಿದರೆ ಬಾಸ್ ಇದೆ! ಪೂರ್ತಿ ಬಲಕ್ಕೆ ಹಾಕಿದರೂ ಇದೆ! ನಡುವೆ ತಂದರೆ ಮಾಯ. ಒಂದು ಸ್ಪೀಕರ್‌ಗಿಂತ ಎರಡು ಸ್ಪೀಕರ್ ಕಡಿಮೆ ಆಗುವುದು ಹೇಗೆ?

ಮಲ್ಟಿಮೀಟರ್_ಮಾಮ · ಮುಂದಿನ ಭಾನುವಾರ, ಸಂಜೆ 7:48

ಒಂದರ ಪ್ಲಸ್ ಮೈನಸ್ (ಪೋಲಾರಿಟಿ) ಅದಲು ಬದಲಾಗಿದೆ. ಒಂದು ಕೋನ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಒಬ್ಬ ಬಾವಿಯಿಂದ ನೀರು ಸೇದುವುದು, ಇನ್ನೊಬ್ಬ ಅದನ್ನೇ ವಾಪಸ್ ಸುರಿಯುವುದು.

80 ಹರ್ಟ್ಜ್ ಸೌಂಡಿನ ಅಲೆ ಸುಮಾರು 4.3 ಮೀಟರ್ ಉದ್ದ, ನಿನ್ನ ಸ್ವಿಫ್ಟ್‌ಗಿಂತ ಉದ್ದ. ಅದಕ್ಕೇ ಕಾರಿನೊಳಗೆ ಎಲ್ಲಿ ಕೂತರೂ ಬಾಸ್ ಪರಸ್ಪರ ಹೊಡೆದುಕೊಂಡು ಸಾಯುತ್ತದೆ. 1000 ಹರ್ಟ್ಜ್ ಅಲೆ ಬರೀ 34 ಸೆಂಟಿಮೀಟರ್. ಅದು ಒಂದು ಕಡೆ ಸತ್ತರೆ ಇನ್ನೊಂದು ಕಡೆ ಉಳಿಯುತ್ತದೆ, ದನಿ ಎಲ್ಲಿಂದ ಬರುತ್ತಿದೆ ಅಂತ ಮಾತ್ರ ತಿಳಿಯುವುದಿಲ್ಲ. ನೀನು ಮೊದಲ ದಿನವೇ ಬರೆದಿದ್ದು ಇದನ್ನೇ. ಎರಡೂ ಉಲ್ಟಾ ಇದ್ದಿದ್ದರೆ ತೊಂದರೆ ಇರಲಿಲ್ಲ. ಒಂದು ಮಾತ್ರ ಉಲ್ಟಾ ಇದ್ದರೆ ಹೀಗೆ.

ಈಗ ಹೇಳು, ಯಾವ ವೈರ್ ಯಾವುದಕ್ಕೆ ಕೊಟ್ಟೆ?

ತೀರ್ಥಹಳ್ಳಿ_ಹುಡುಗ · ಮುಂದಿನ ಭಾನುವಾರ, ರಾತ್ರಿ 8:10

ಕಪ್ಪು ಗೆರೆ ಇದ್ದದ್ದು ಮೈನಸ್‌ಗೆ, ಎರಡೂ ಕಡೆ. ಅದಕ್ಕೇ ಸರಿ ಇದೆ ಅಂದೆ. ಎಡಗಡೆ ಹಳೇ ಸ್ಪೀಕರ್‌ಗೆ ಮಾತ್ರ ಉಲ್ಟಾ ಕೊಟ್ಟಿದ್ದರು. ಯಾರೋ ತಪ್ಪು ಮಾಡಿದ್ದಾರೆ ಅಂತ ನಾನೇ ಸರಿ ಮಾಡಿದೆ.

ನಾಲ್ಕು_ಚಾನೆಲ್ · ಮುಂದಿನ ಭಾನುವಾರ, ರಾತ್ರಿ 8:13

ಇದನ್ನು ಇವತ್ತು ಹೇಳುತ್ತಿದ್ದೀಯಾ!!

ಮಲ್ಟಿಮೀಟರ್_ಮಾಮ · ಮುಂದಿನ ಭಾನುವಾರ, ರಾತ್ರಿ 8:20

ಡೆಕ್ "ಮೊದಲಿಂದ ಇದ್ದದ್ದೇ" ಅಂದೆಯಲ್ಲ, ಯಾವಾಗಿನಿಂದ?

ತೀರ್ಥಹಳ್ಳಿ_ಹುಡುಗ · ಮುಂದಿನ ಭಾನುವಾರ, ರಾತ್ರಿ 8:26

ನಾನು ತಗೊಂಡಾಗಿನಿಂದ. ಕಾರು ಸೆಕೆಂಡ್ ಹ್ಯಾಂಡ್. ಡೆಕ್ ಹಿಂದಿನ ಓನರ್ ಎಲ್ಲೋ ಹೊರಗೆ ಹಾಕಿಸಿದ್ದು. ಅದು ಮುಖ್ಯ ಅಂತ ಅನಿಸಲಿಲ್ಲ.

ಮಲ್ಟಿಮೀಟರ್_ಮಾಮ · ಮುಂದಿನ ಭಾನುವಾರ, ರಾತ್ರಿ 8:44

ಸಿಕ್ಕಿತು. ಡೆಕ್ ಹಾಕಿದವನು ಡೆಕ್‌ನ ಬೆನ್ನಿನಲ್ಲಿ ಎಡ ಚಾನೆಲ್ ವೈರ್ ಜೋಡಿಯನ್ನು ಉಲ್ಟಾ ಸುತ್ತಿದ್ದಾನೆ. ಬಾಸ್ ಹೋಯಿತು ಅಂತ ಗೊತ್ತಾದ ಮೇಲೆ ಮತ್ತೆ ಡೆಕ್ ಬಿಚ್ಚಲು ಬೇಜಾರಾಗಿ ಸ್ಪೀಕರ್ ಹತ್ತಿರ ಇನ್ನೊಮ್ಮೆ ಉಲ್ಟಾ ಮಾಡಿದ್ದಾನೆ. ಉಲ್ಟಾದ ಉಲ್ಟಾ ಸೀದಾ. ನೀನು ಬಂದು ಅರ್ಧ ಮಾತ್ರ ಸರಿ ಮಾಡಿದೆ.

ಡೆಕ್ ಎಳೆದು ನೋಡು. ಹೊರಗೆ ಕೊಳ್ಳುವ ಡೆಕ್‌ಗಳಲ್ಲಿ ಬಿಳಿ ಜೋಡಿ ಮುಂದಿನ ಎಡ, ಬೂದು ಜೋಡಿ ಮುಂದಿನ ಬಲ. ಕಪ್ಪು ಗೆರೆ ಇರುವುದು ಮೈನಸ್. ಖಾತ್ರಿ ಬೇಕಾದರೆ ಡೆಕ್‌ನಿಂದ ಸ್ಪೀಕರ್ ವೈರ್ ಪೂರ್ತಿ ಬಿಚ್ಚಿದ ಮೇಲೆ (ಬಿಚ್ಚಿದ ಮೇಲೆಯೇ!) 1.5 ವೋಲ್ಟ್ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸು. ಸೆಲ್‌ನ ಪ್ಲಸ್ ಸ್ಪೀಕರ್ ಪ್ಲಸ್‌ಗೆ ಬಂದರೆ ಕೋನ್ ಹೊರಕ್ಕೆ ಜಿಗಿಯುತ್ತದೆ. ಎರಡೂ ಕಡೆ ಒಂದೇ ರೀತಿ ಜಿಗಿಯಬೇಕು.

ತೀರ್ಥಹಳ್ಳಿ_ಹುಡುಗ · ಸೋಮವಾರ, ರಾತ್ರಿ 9:05

ಮಾಮಾ, ಕಾಲಿಗೆ ಬೀಳುತ್ತೇನೆ. ಬಿಳಿ ಜೋಡಿ ಉಲ್ಟಾ ಇತ್ತು, ಮೇಲೆ ಬರೀ ಟೇಪ್. ಸರಿ ಮಾಡಿದೆ. ತಬಲಾ ಎದೆಗೆ ಬಡಿಯುತ್ತಿದೆ. ಅಪ್ಪ ಹಿಂದಿನ ಸೀಟಿನಿಂದ "ಸ್ವಲ್ಪ ಕಡಿಮೆ ಮಾಡು" ಅಂದರು. ವಾಲ್ಯೂಮ್ 28 ದಾಟಿದರೆ ಮಾತ್ರ ಒಡೆದ ಹಾಗೆ ಕೇಳುತ್ತದೆ.

ನಾಲ್ಕು_ಚಾನೆಲ್ · ಸೋಮವಾರ, ರಾತ್ರಿ 9:20

ಅದಕ್ಕೇ ಆಂಪ್ ಹಾಕು ಅಂದಿದ್ದು.

ಮಲ್ಟಿಮೀಟರ್_ಮಾಮ · ಸೋಮವಾರ, ರಾತ್ರಿ 9:31

ಲೌಡ್‌ನೆಸ್, ಬಾಸ್ ಬೂಸ್ಟ್ ಎರಡೂ ಆಫ್ ಮಾಡು. ಈಕ್ವಲೈಜರ್ ಸಪಾಟಾಗಿಡು. ಡೆಕ್‌ನಲ್ಲಿ ಎಚ್‌ಪಿಎಫ್ (ತೀರಾ ಕೆಳಗಿನ ಸೌಂಡ್ ತಡೆಯುವ ಫಿಲ್ಟರ್) ಇದ್ದರೆ 80 ಹರ್ಟ್ಜ್‌ಗೆ ಹಾಕು, ಬಾಸ್ ತೀರಾ ಸಪ್ಪೆ ಅನಿಸಿದರೆ 60. ಅದರ ಕೆಳಗಿನದನ್ನು ಆ ಸ್ಪೀಕರ್ ಹೊರಲಾರದು, ಸುಮ್ನೆ ಒದ್ದಾಡುತ್ತದೆ. ಆಮೇಲೂ 28ರಲ್ಲಿ ಒಡೆದರೆ ನಿನ್ನ ಡೆಕ್‌ನ ಮಿತಿ ಅಷ್ಟೇ. 26ರಲ್ಲಿ ಕೇಳು.

ಹೊಸ_ಸದಸ್ಯ_77 · ಬುಧವಾರ, ಮಧ್ಯಾಹ್ನ 12:02

ನನಗೂ ಪ್ರಾಬ್ಲಂ ಇದೆ. ಎಕ್ಸಲರೇಟರ್ ಒತ್ತಿದರೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುತ್ತದೆ. ಪ್ಲೀಸ್ ಯಾರಾದರೂ ಹೇಳಿ.

ಟ್ರಂಕ್_ಫುಲ್ · ಬುಧವಾರ, ಮಧ್ಯಾಹ್ನ 12:40

ನಾನು ಎರಡನೇ ಬ್ಯಾಟರಿ ಹಾಕಿದ್ದೇನೆ. ಫೋಟೋ ಹಾಕಲಾ?

ನಾಲ್ಕು_ಚಾನೆಲ್ · ಬುಧವಾರ, ಮಧ್ಯಾಹ್ನ 1:15

77, ಹೊಸ ಥ್ರೆಡ್ ತೆರೆಯಿರಿ. ಆಂಪ್ ಇದ್ದರೆ ಅದರ ಗ್ರೌಂಡ್ ನೋಡಿ. ಪೇಂಟ್ ಮೇಲೆ ಸ್ಕ್ರೂ ಹಾಕಿರುತ್ತಾರೆ. ಕೆರೆದು ಬರಿ ತಗಡಿಗೆ ಕೊಡಿ. ಆರ್‌ಸಿಎ (ಡೆಕ್‌ನಿಂದ ಆಂಪ್‌ಗೆ ಹೋಗುವ ಸಿಗ್ನಲ್ ವೈರ್) ಒಂದು ಬದಿ, ಪವರ್ ವೈರ್ ಇನ್ನೊಂದು ಬದಿ.

ತೀರ್ಥಹಳ್ಳಿ_ಹುಡುಗ · ಶನಿವಾರ, ಬೆಳಿಗ್ಗೆ 8:15

ಮತ್ತೆ ನಾನೇ. ಬಾಸ್ ಚೆನ್ನಾಗಿದೆ. ಆದರೆ ಮೂರು ದಿನದಿಂದ ಇಲ್ಲಿ ಬಿಡದ ಮಳೆ. ನಿನ್ನೆ ಆಗುಂಬೆ ಕಡೆ ಹೋಗಿದ್ದೆ. ತಿರುವಿನಲ್ಲಿ ಎಡಗಡೆ ಡೋರಿನ ಒಳಗೆ ಗುಳುಗುಳು ಅನ್ನುತ್ತದೆ. ಹಾಡು ನಿಲ್ಲಿಸಿದರೂ ಕೇಳುತ್ತದೆ. ಇದೂ ಪೋಲಾರಿಟಿನಾ?

ಮಲ್ಟಿಮೀಟರ್_ಮಾಮ · ಶನಿವಾರ, ಬೆಳಿಗ್ಗೆ 8:22

ಡೋರಿನ ಅಡಿಯ ಆ ಸೀಳುಗಳು! ಗಾಜಿನ ಪಕ್ಕದಿಂದ ಇಳಿದ ನೀರು ಹೊರಗೆ ಹೋಗುವ ದಾರಿ ಅದು. ಅದನ್ನೂ ಮುಚ್ಚಿದೆಯಲ್ಲ ಮಾರಾಯ. ಈಗಲೇ ಹೋಗಿ ಶೀಟ್ ಕಿತ್ತು ಹಾಕು.

ಬ್ಯುಟೈಲ್_ಬಾಸ್ · ಶನಿವಾರ, ಬೆಳಿಗ್ಗೆ 9:40

ನಾನು ಹೇಳಿದ್ದು ಒಳ ತಗಡಿನ ತೂತು. ಅಡಿಯದ್ದು ಬಿಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ.

ತೀರ್ಥಹಳ್ಳಿ_ಹುಡುಗ · ಶನಿವಾರ, ಬೆಳಿಗ್ಗೆ 10:05

ಒಂದು ಚೊಂಬು ನೀರು ಬಂತು. ಸ್ಪೀಕರ್ ಬದುಕಿದೆ. ಎಂಡಿಎಫ್ ರಿಂಗ್ ಮಾತ್ರ ಚಹಾಕ್ಕೆ ಅದ್ದಿದ ಬಿಸ್ಕತ್ತಿನ ಹಾಗಾಗಿದೆ. @ತಾಮ್ರದ_ತಂತಿ, 6.5 ಇಂಚಿನ ಪ್ಲಾಸ್ಟಿಕ್ ರಿಂಗ್ ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತದೆ?