ಜಿಟರ್‌ಗೆ ‘ಹಿಗ್ಗು-ಕುಗ್ಗು’ ಒಗ್ಗುತ್ತದಾ?

ಗೆಳೆಯರೇ,

ಕಂಪ್ಯೂಟರ್ ಜಾಲದ ಸ್ವಿಚ್‌ನಲ್ಲಿ ಜಿಟರ್ (ಪ್ಯಾಕೆಟ್‌ಗಳ, ಅಂದರೆ ಡೇಟಾ ತುಣುಕುಗಳ, ನಡುವಿನ ಅಂತರ ದಾರಿಯಲ್ಲಿ ಬದಲಾಗುವುದು) ಅಳೆಯುವ ಸೆಟ್ಟಿಂಗ್ ಬಗ್ಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಪ್ಯಾಕೆಟ್, ಪೋರ್ಟ್, ಕಮಾಂಡುಗಳನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ. ‘ಜಿಟರ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಈ ಪದ ಅರ್ಥವಾಗದಿದ್ದರೆ ಸ್ವಿಚ್ ತೋರಿಸುವ ಅಂಕಿಗಳೂ ಅರ್ಥವಾಗುವುದಿಲ್ಲ.

ಅಳತೆ ನಡೆಯುವುದು ಹೀಗೆ. ಒಂದು ಸ್ವಿಚ್ ಯುಡಿಪಿ ಎಂಬ ಸರಳ ವಿಧಾನದಲ್ಲಿ ಚಿಕ್ಕ ಪ್ಯಾಕೆಟ್‌ಗಳನ್ನು ಸಮ ಅಂತರದಲ್ಲಿ ಕಳಿಸುತ್ತದೆ. ಸಿಸ್ಕೊ ಕಂಪನಿಯ ಐಪಿ ಎಸ್‌ಎಲ್‌ಎ ಎಂಬ ಜಾಲ ಅಳೆಯುವ ಸೌಲಭ್ಯದಲ್ಲಿ ನಾವೇನೂ ಬದಲಿಸದಿದ್ದರೆ 10 ಪ್ಯಾಕೆಟ್, ಒಂದಕ್ಕೊಂದಕ್ಕೆ 20 ಮಿಲಿಸೆಕೆಂಡ್ ಅಂತರ, 60 ಸೆಕೆಂಡಿಗೊಮ್ಮೆ ಒಂದು ಸುತ್ತು. ಆ ತುದಿಯಲ್ಲಿ ರೆಸ್ಪಾಂಡರ್ (ಉತ್ತರ ಕೊಡುವ ಸೌಲಭ್ಯ) ಆನ್ ಮಾಡಿಟ್ಟ ಸಾಧನ ಪ್ರತಿ ಪ್ಯಾಕೆಟ್ ಬಂದ ಹೊತ್ತನ್ನು ಗುರುತು ಹಾಕಿ ವಾಪಸ್ ಕಳಿಸುತ್ತದೆ. 20ರ ಅಂತರದಲ್ಲಿ ಹೊರಟ ಎರಡು ಪ್ಯಾಕೆಟ್ 27ರ ಅಂತರದಲ್ಲಿ ತಲುಪಿದರೆ ಜಿಟರ್ +7. 15ರ ಅಂತರದಲ್ಲಿ ತಲುಪಿದರೆ −5. 20ಕ್ಕೇ ಬಂದರೆ ಸೊನ್ನೆ.

ಇದಕ್ಕೆ ‘ನಡುಕ’ ಅಂದರೆ ನನಗೆ ಸರಿಬರುವುದಿಲ್ಲ. ಇಲ್ಲಿ ಯಾವುದೂ ನಡುಗುತ್ತಿಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಗಡಿಯಾರದ ಸಂಕೇತ ತನ್ನ ಜಾಗದಿಂದ ಅತ್ತಿತ್ತ ಸರಿಯುವುದಕ್ಕೂ ಜಿಟರ್ ಅಂತಾರೆ, ಅಲ್ಲಿ ಬೇಕಾದರೆ ನಡುಕ ಒಪ್ಪುತ್ತದೆ. ಇಂಗ್ಲಿಷಿನಲ್ಲೂ ಈ ಗೊಂದಲ ಇದೆ. 2002ರ ಆರ್‌ಎಫ್‌ಸಿ 3393 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆ, ಬೇರೆ ಬೇರೆ ಜನ ಬೇರೆ ಬೇರೆ ಅರ್ಥದಲ್ಲಿ ಬಳಸುವುದರಿಂದ ಈ ಪದ ಗೊಂದಲ ಹುಟ್ಟಿಸುತ್ತದೆ ಎಂದು ಹೇಳಿ, ತಡ ಎಷ್ಟು ಬದಲಾಯಿತು ಎಂಬ ಅರ್ಥದ ಹೆಸರನ್ನೇ ಹಿಡಿಯಿತು.

ಹಾಗಾದರೆ ‘ತಡದ ಏರುಪೇರು’ ಅನ್ನೋಣವೇ? ಮೊದಲ ಕರಡಿನಲ್ಲಿ ಹಾಗೇ ಬರೆದಿದ್ದೆ. ಎರಡು ತೊಡಕು ಕಂಡವು.

ಏರುಪೇರು ಅಂದ ಕೂಡಲೇ ಏನೋ ಕೆಟ್ಟಿದೆ ಅನ್ನಿಸುತ್ತದೆ. ಆರೋಗ್ಯದಲ್ಲಿ ಏರುಪೇರು ಅಂತೀವಲ್ಲ, ಹಾಗೆ. ಆದರೆ 2 ಮಿಲಿಸೆಕೆಂಡ್ ಜಿಟರ್ ಕಂಡರೆ ಗಾಬರಿಪಡುವಂಥದ್ದೇನಿಲ್ಲ, ಧ್ವನಿ ಕರೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ತೊಡಕು ‘ತಡ’ದ್ದು. ಒಂದು ದಿಕ್ಕಿನ ತಡ ಅಳೆಯಬೇಕಾದರೆ ಎರಡೂ ತುದಿಯ ಗಡಿಯಾರ ಒಂದಕ್ಕೊಂದು ಹೊಂದಿರಬೇಕು, ಅದಕ್ಕೆ ಎನ್‌ಟಿಪಿ (ಜಾಲದ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಬೇಕು. ಜಿಟರ್‌ಗೆ ಅದು ಬೇಡ. ಆ ತುದಿಯ ಗಡಿಯಾರ 3 ಸೆಕೆಂಡ್ ಮುಂದಿದ್ದರೂ ಪ್ರತಿ ಪ್ಯಾಕೆಟ್‌ಗೂ ಅದೇ 3 ಸೆಕೆಂಡ್ ಸೇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಹೊರಟುಹೋಗುತ್ತದೆ. ಪದದಲ್ಲಿ ‘ತಡ’ ಇದ್ದರೆ, ಎನ್‌ಟಿಪಿ ಇಲ್ಲದೆ ಜಿಟರ್ ಅಳೆಯಲಾಗದು ಅಂತ ಓದುಗರು ಸುಮ್ನೆ ತಡೆದು ನಿಲ್ಲಬಹುದು.

ಬದಲಾಗುವುದು ಅಂತರ ತಾನೇ? ಅಂತರ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಅದಕ್ಕೇ ‘ಅಂತರದ ಹಿಗ್ಗು-ಕುಗ್ಗು’ ಅಂತ ಬರೆದು ನೋಡಿದೆ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು, ಸ್ವಿಚ್ ಬೇರೆ ಬೇರೆಯಾಗಿ ತೋರಿಸುವ ಪಾಸಿಟಿವ್ ಮತ್ತು ನೆಗೆಟಿವ್ ಜಿಟರ್‌ಗೂ ಹೆಸರು ತಾನಾಗಿ ಸಿಕ್ಕಿಬಿಡುತ್ತದೆ: ಒಂದು ಹಿಗ್ಗು, ಇನ್ನೊಂದು ಕುಗ್ಗು. ಇವೆರಡನ್ನು ಬೇರೆಯಾಗಿ ಇಡಲೇಬೇಕು. ಚಿಹ್ನೆ ಸಮೇತ ಕೂಡಿದರೆ +7 ಮತ್ತು −5 ಒಂದನ್ನೊಂದು ತಿಂದುಹಾಕಿ, ಜಾಲ ಚೆನ್ನಾಗಿದೆ ಅಂತ ಕಾಣಿಸುತ್ತದೆ.

ಈಗ ನನ್ನ ಪ್ರಶ್ನೆ. ‘ಹಿಗ್ಗು’ ಒಂಟಿಯಾಗಿ ಬಂದಾಗ ಸಂತೋಷ ಅನ್ನುವ ಅರ್ಥವೇ ಮುಂದೆ ಬರುತ್ತದೆ ಅಲ್ವಾ? ‘ಗರಿಷ್ಠ ಹಿಗ್ಗು 7 ಮಿಲಿಸೆಕೆಂಡ್’ ಎಂಬ ಸಾಲು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ಹಿಗ್ಗುವಿಕೆ’ ಮಾಡಿದರೆ ಗೊಂದಲ ಕಳೆಯುತ್ತದೆ, ಆದರೆ ಪಟ್ಟಿಯ ಕಿರಿದಾದ ಕಾಲಮ್‌ಗೆ ಅದು ಉದ್ದವಾಯಿತು.