ಗಿಟಾರ್ ಡ್ರೋನ್ ಐದೇ ನಿಮಿಷಕ್ಕೆ ಸಾಯ್ತಿದೆ, ಡಬ್ಬ ಮಾತ್ರ ಗುಂಯ್ ಅಂತಿದೆ

ಮೂಲೆಗಿಟಾರು: ಹೆಲ್ಪ್ ಬೇಕು ಗುರುಗಳೇ. ಮೂಲೇಲಿ ಬಿದ್ದಿದ್ದ ಸ್ಟೀಲ್ ತಂತಿ ಅಕೂಸ್ಟಿಕ್ ಗಿಟಾರ್‌ನ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಮೇಲಿನ ಹಲಗೆ ಅಂಚಲ್ಲಿ ಎಕ್ಸೈಟರ್ (ಹಲಗೆನೇ ನಡುಗಿಸೋ, ಕೋನ್ ಇಲ್ಲದ ಸ್ಪೀಕರ್) ಅಂಟಿಸಿ, ಪಿಎಎಂ8403 ಅನ್ನೋ ಪುಟ್ಟ ಆಂಪ್ ಬೋರ್ಡಿಂದ 110 ಹರ್ಟ್ಸ್ ಸೈನ್ (ಒಂದೇ ಶ್ರುತಿಯ ಶುದ್ಧ ನಾದ, ಎ ತಂತಿಯದ್ದೇ ಶ್ರುತಿ) ಕೊಡ್ತಿದೀನಿ. ಆರು ತಂತಿ ಟ್ಯೂನಿಂಗ್ ಡಿ-ಎ-ಡಿ-ಜಿ-ಎ-ಡಿ. ತಂತಿಗಳು ತಂಬೂರಿ ಥರ ತಾವಾಗೇ ಎಡೆಬಿಡದೆ ಹಾಡ್ಲಿ (ಅದೇ ಡ್ರೋನ್) ಅಂತ ಆಸೆ. ಶುರುನಲ್ಲಿ ಎ ತಂತಿ ಚೆನ್ನಾಗಿ ನಡುಗುತ್ತೆ, ಐದು ನಿಮಿಷ ಆದ್ಮೇಲೆ ಸುಮ್ಮನಾಗಿಬಿಡುತ್ತೆ, ಗಿಟಾರ್ ಡಬ್ಬ (ಟೊಳ್ಳು ಮೈ) ಮಾತ್ರ ಗುಂಯ್ ಅಂತಿರುತ್ತೆ. ಎಕ್ಸೈಟರ್ ಸುಟ್ಟೋಯ್ತಾ?

ಸೊನ್ನೆಡೆಸಿಬೆಲ್: ಇಬೋ (ಆಯಸ್ಕಾಂತದಿಂದ ತಂತಿ ಮಿಡಿಸ್ತಾನೇ ಇರೋ ಪುಟ್ಟ ಯಂತ್ರ) ತಗೊಳಿ ಬ್ರೋ, ತಲೆನೋವೇ ಇಲ್ಲ.

ಮೂಲೆಗಿಟಾರು: ಅದು ಒಂದು ಸಲಕ್ಕೆ ಒಂದೇ ತಂತಿ ಅಲ್ವಾ, ಕೈಲಿ ಹಿಡ್ಕೊಂಡೇ ಕೂರ್ಬೇಕು. ನಂಗೆ ಬಿಟ್ಟು ಎದ್ದೋಗಿ ಕಾಫಿ ಮಾಡ್ಕೊಂಡು ಬರೋವಷ್ಟು ಡ್ರೋನ್ ಬೇಕು.

ಜವಾರಿ_ಧಾರವಾಡ: ಎಕ್ಸೈಟರ್ ಸುಟ್ಟಿಲ್ಲ ಬಿಡ್ರಿ, ಸುಟ್ಟಿದ್ರ ಡಬ್ಬನೂ ಗುಂಯ್ ಅಂತಿರಲಿಲ್ಲ. ಎರಡು ಪ್ರಶ್ನೆ, ತಂತಿ ಯಾವಾಗ ಹಾಕೀರಿ, ಫ್ಯಾನ್ ನಡೆದೈತೇನು?

ಮೂಲೆಗಿಟಾರು: ತಂತಿ ನಿನ್ನೆ ಹಾಕಿದ್ದು. ಫ್ಯಾನ್ ಇದೆ, ಸೆಕೆ ಸಾರ್.

ಜವಾರಿ_ಧಾರವಾಡ: ಹಂಗಾರ ಇಲ್ಲೇ ಐತಿ ನೋಡ್ರಿ. ಹೊಸ ತಂತಿ ಎಳೀತಾ ಶ್ರುತಿ ಇಳೀತದ, ಫ್ಯಾನ್ ಗಾಳಿಗೆ ತಂತಿ ಬಿಸಿ-ತಂಪು ಆದ್ರೂ ಶ್ರುತಿ ಅಲ್ಲಾಡ್ತದ, ಆದ್ರ ನಿಮ್ಮ ಸೈನ್ ಮಾತ್ರ 110ಕ್ಕ ಗಟ್ಟಿ ಕುಂತೇತಿ. ತಂತಿ ಬರೇ 5 ಸೆಂಟ್ (ಅರ್ಧಸ್ವರದ ನೂರರಾಗ ಐದು ಪಾಲು) ಇಳಿದ್ರೂ ಅಲ್ಲಿ ಸುಮಾರು 0.3 ಹರ್ಟ್ಸ್ ವ್ಯತ್ಯಾಸ, ಭಾಳ ಹೊತ್ತು ಮಿಡಿಯೋ ತಂತಿಗೆ ಅಷ್ಟು ಸಾಕು, ಕೈಬಿಡ್ತದ. ಗುಂಯ್ ಅನ್ನೋದು ಡಬ್ಬದೊಳಗಿನ ಗಾಳಿ, ಅದು ಹೆಚ್ಚಿನ ಗಿಟಾರ್‌ನಾಗ 100 ಹರ್ಟ್ಸ್ ಆಸುಪಾಸೇ ಇರ್ತದ, ಅದಕ್ಕ 110 ಸಿಕ್ರ ಹಬ್ಬ. ಅಂಗೈಯಿಂದ ತಂತಿ ಎಲ್ಲಾ ಒತ್ತಿ ಹಿಡೀರಿ, ಸದ್ದು ಕಮ್ಮಿ ಆಗದಿದ್ರ ಹಾಡ್ತಿರೋದು ಡಬ್ಬನೇ. ಆಮೇಲೆ ತೂತಿಗೆ ಅರ್ಧ ರಟ್ಟು ಮುಚ್ಚ್ರಿ, ಆ ಗಾಳಿ ಶ್ರುತಿ ಕೆಳಗ ಜಾರ್ತದ. ಹಾಸಿಗೆ ಬ್ಯಾಡ, ಅದು ನಾದ ಕುಡೀತದ, ಎರಡು ಫೋಮ್ ತುಂಡಿನ ಮ್ಯಾಲ ಇಡ್ರಿ. ಎಕ್ಸೈಟರ್ ಬ್ರಿಜ್ (ಹಲಗೆ ಮ್ಯಾಲ ತಂತಿ ಕೂರೋ ಪಟ್ಟಿ) ಹತ್ರ ತರ್ರಿ.

ಅಮೆರಿಕದ ಪ್ರಯೋಗಶೀಲ ಸಂಗೀತಗಾರ ಆಲ್ವಿನ್ ಲೂಸಿಯರ್ 1977ರಾಗ ಉದ್ದ ತಂತಿ ಬಿಗಿದು, ಆಯಸ್ಕಾಂತ ಇಟ್ಟು, ಒಂದೇ ಆಸಿಲೇಟರ್ (ಸೈನ್ ಹುಟ್ಟಿಸೋ ಯಂತ್ರ) ಹಚ್ಚಿ ಬಿಟ್ಟಿದ್ರು, ಆಸಿಲೇಟರ್ ಮುಟ್ಟದಿದ್ರೂ ನಾದ ತಾನಾ ಬದಲಾಗ್ತಿತ್ತು. ಅವರಿಗೆ ಅದೇ ಬೇಕಿತ್ತು, ನಿಮಗ ಸಮಸ್ಯೆ!

ಸ್ಥಿರ ಬೇಕಂದ್ರ ಸೈನ್ ತೆಗೀರಿ. ಹೆಡ್‌ಸ್ಟಾಕ್‌ಗೆ (ಬಿರಡೆ ಇರೋ ತುದಿಗೆ) ಪೀಜೋ (ನಡುಕ ಹಿಡಿದು ಸಿಗ್ನಲ್ ಮಾಡೋ ಬಿಲ್ಲೆ) ಅಂಟಿಸಿ, ಆ ಸಣ್ಣ ಸಿಗ್ನಲ್ ಹಿಗ್ಗಿಸೋ ಪ್ರೀಆಂಪ್ ಮೂಲಕ ಅದೇ ಆಂಪಿಗೆ ಕೊಟ್ಟು ಲೂಪ್ ಮಾಡ್ರಿ, ತಂತಿ ನಡುಕನೇ ತಿರುಗಿ ತಂತಿ ನಡುಗಸ್ತದ, ಶ್ರುತಿ ಇಳಿದ್ರ ಡ್ರೋನೂ ಜೋಡೀಲೇ ಇಳೀತದ. ವಾಲ್ಯೂಮ್ ಸೊನ್ನೆಯಿಂದ ಸ್ವಲ್ಪ ಸ್ವಲ್ಪ.

ಮೂಲೆಗಿಟಾರು: ಅಂಗೈ ಟೆಸ್ಟ್ ಮಾಡ್ದೆ, ಡಬ್ಬನೇ ಕಳ್ಳ. ರಟ್ಟು ಹಾಕಿದ್ಮೇಲೆ ಗುಂಯ್ ಅರ್ಧಕ್ಕರ್ಧ ಕಮ್ಮಿ. ಲೂಪೂ ಮಾಡ್ದೆ, ಆದ್ರೆ ಕುಕ್ಕರ್ ವಿಷಲ್ ಥರ ಕಿರುಚಿತು, ಪಕ್ಕದ ಮನೆ ಆಂಟಿ ಬಂದ್ರು.

ಜವಾರಿ_ಧಾರವಾಡ: ಲೂಪಿನಾಗ ಇಕ್ಯೂ (ಈಕ್ವಲೈಜರ್) ಇಟ್ಟು ಟ್ರೆಬಲ್ (ಮೇಲಿನ ಸ್ವರ) ಪೂರಾ ಕಡೀರಿ. ಎಕ್ಸೈಟರ್ ಎರಡು ವೈರ್ ಅದಲಿಬದಲಿ ಮಾಡ್ರಿ, ಫೇಸ್ (ತಳ್ಳು-ಎಳೆತದ ದಿಕ್ಕು) ತಿರುಗಿದ್ರ ಬ್ಯಾರೆ ತಂತಿ ಎದ್ದೇಳ್ತದ.

ಮೂಲೆಗಿಟಾರು: ವೈರ್ ತಿರುಗಿಸಿದೆ, ಕೆಳಗಿನ ಡಿ ಎದ್ದಿದೆ!! 20 ನಿಮಿಷ ಆಯ್ತು, ಇನ್ನೂ ನಿಂತಿಲ್ಲ. ಒಂದ್ ಝರ್ ಝರ್ ಬರ್ತಿದೆ, ಜವಾರಿ (ತಂಬೂರಿಯ ಝೇಂಕಾರ) ಸಿಕ್ತು ಅಂತ ಖುಷಿಪಟ್ಟೆ, ನೋಡಿದ್ರೆ ಟ್ಯೂನಿಂಗ್ ಬಿರಡೆ ಸ್ಕ್ರೂ ಲೂಸು.

ಜವಾರಿ_ಧಾರವಾಡ: ಬಿಗಿ ಮಾಡಬ್ಯಾಡ್ರಿ, ಮೊದ್ಲು ಅದನ್ನ ರೆಕಾರ್ಡ್ ಮಾಡಿ ಇಲ್ಲೆ ಹಾಕ್ರಿ.