ನನ್ನ ನ್ಯೂಸ್‌ಲೆಟರ್‌ನ ಲೇಖನಗಳು ಗೂಗಲ್‌ನಲ್ಲಿ ಸಿಗುತ್ತಿಲ್ಲ, ಹೊಸ ಓದುಗರನ್ನು ತಲುಪುವುದು ಹೇಗೆ?

ರಾಯಚೂರಿನ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಮ್ಮ ದೋಆಬ್ ಸೀಮೆಯ ಶಾಸನಗಳು, ಕೋಟೆಗಳು ಮತ್ತು ಹಳೆಯ ಗುಡಿಗಳ ಬಗ್ಗೆ ಎಂಟು ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ಒಂದು ನ್ಯೂಸ್‌ಲೆಟರ್ ಕಳುಹಿಸುತ್ತಿದ್ದೇನೆ. ಇದುವರೆಗೆ 16 ಸಂಚಿಕೆಗಳು ಹೋಗಿವೆ. ಚಂದಾದಾರರು 61 ಜನ. ಅವರಲ್ಲಿ ಬಹುಪಾಲು ನನ್ನ ವಿದ್ಯಾರ್ಥಿಗಳು ಮತ್ತು ಬಂಧುಗಳು.

ಮಸ್ಕಿಯ ಅಶೋಕನ ಶಾಸನದ ಮೇಲೆ ಬರೆದ ಸಂಚಿಕೆಗೆ ನಾನು ಒಂದು ತಿಂಗಳು ಓದಿದ್ದೇನೆ, ಎರಡು ಸಲ ಆ ಬೆಟ್ಟಕ್ಕೆ ಹೋಗಿ ಬಂದಿದ್ದೇನೆ. ಆದರೆ ಗೂಗಲ್‌ನಲ್ಲಿ "ಮಸ್ಕಿ ಶಾಸನ" ಎಂದು ಹುಡುಕಿದರೆ ನಾಲ್ಕೈದು ಪುಟ ದಾಟಿದರೂ ನನ್ನ ಲೇಖನ ಕಾಣುವುದಿಲ್ಲ. ಅದರ ಶೀರ್ಷಿಕೆ "ಕಲ್ಲಿನ ಮೌನಕ್ಕೆ ಕಿವಿಗೊಟ್ಟಾಗ". ನಾನು ಮೊದಲಿನಿಂದಲೂ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವಳು. ಅದನ್ನು ನ್ಯೂಸ್‌ಲೆಟರ್‌ಗೆ ಪೇಸ್ಟ್ ಮಾಡಿದಾಗ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬಂದದ್ದರಿಂದ ಪುಟಗಳ ಚಿತ್ರ ತೆಗೆದು ಆ ಚಿತ್ರಗಳನ್ನೇ ಹಾಕುತ್ತಾ ಬಂದಿದ್ದೇನೆ.

ಕೆಎಎಸ್ ಪರೀಕ್ಷೆಗೆ ಓದುವ ಒಬ್ಬ ಹುಡುಗನಿಗೋ, ಮುದಗಲ್ ಕೋಟೆಯ ಪಕ್ಕದಲ್ಲೇ ಮನೆಯಿದ್ದೂ ಅದರ ಕಥೆ ತಿಳಿಯದ ಒಬ್ಬ ಹೆಣ್ಣುಮಗಳಿಗೋ ಇವು ಸಿಗಬೇಕೆಂಬುದು ನನ್ನ ಆಸೆ. ಇದಕ್ಕೆ ಜಾಹೀರಾತಿಗೆ ಹಣ ಕೊಡಲೇಬೇಕೆ? ತಿಳಿದವರು ದಯವಿಟ್ಟು ದಾರಿ ತೋರಿಸಿ.

ಬಳ್ಳಾರಿ ಡಿಟಿಪಿ:

ಮೇಡಂ, ಒಂದು ರೂಪಾಯಿಯೂ ಕೊಡಬೇಡಿ. ಹುಡುಕಾಟದ ಸಾಮಾನ್ಯ ಫಲಿತಾಂಶದಲ್ಲಿ ಮೇಲೆ ತರಲು ಗೂಗಲ್ ಹಣ ತೆಗೆದುಕೊಳ್ಳುವುದಿಲ್ಲ. ಹಾಗೆ ತರುತ್ತೇವೆಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ. ನಿಮ್ಮ ತೊಂದರೆಯ ಮೂಲ ಪ್ರಶ್ನೆಯ ಎರಡನೆಯ ಪ್ಯಾರಾದ ಕೊನೆಯ ಸಾಲಿನಲ್ಲಿದೆ.

ನಾನು ಬಳ್ಳಾರಿಯಲ್ಲಿ ಇಪ್ಪತ್ತು ವರ್ಷಗಳಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆಯಿಂದ ಹಿಡಿದು ಸಂಶೋಧನಾ ಪ್ರಬಂಧದವರೆಗೆ ನನ್ನ ಕೈಯಿಂದ ಹೋಗಿರುವುದೆಲ್ಲ ಬಹುತೇಕ ನುಡಿ ಮತ್ತು ಬರಹ ಎಂಬ ತಂತ್ರಾಂಶಗಳಲ್ಲೇ. ಈ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ಅದು ಕನ್ನಡವಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು, ಮೇಲೆ ತೊಡಿಸಿರುವ ವೇಷ ಮಾತ್ರ ಕನ್ನಡದ್ದು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ, ನೀವು ಕಂಡ ಗೊಂದಲ ಅದೇ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪಿದ ತನ್ನದೇ ಸಂಖ್ಯೆ ಇದೆ, ಮತ್ತು "ಮಸ್ಕಿ" ಎಂದು ಯಾರಾದರೂ ಹುಡುಕಿದಾಗ ಗೂಗಲ್ ಹೊಂದಿಸಿ ನೋಡುವುದು ಆ ಸಂಖ್ಯೆಗಳನ್ನು. ನೀವು ಹಾಕಿರುವುದು ಚಿತ್ರ. ಅದರೊಳಗಿನ ಒಂದು ಪದವೂ ಪುಟದ ಬರಹವೆಂದು ಲೆಕ್ಕಕ್ಕೆ ಬರುವುದಿಲ್ಲ. ಅಷ್ಟೇ ಅಲ್ಲ, ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶಕ್ಕೂ ನಿಮ್ಮ ಹದಿನಾರು ಸಂಚಿಕೆಗಳು ಖಾಲಿ ಪುಟಗಳೇ ಆಗಿವೆ.

ಹೀಗೆ ಮಾಡಿ. ನುಡಿಯ ಮೂಲ ಕಡತಗಳು ನಿಮ್ಮಲ್ಲಿ ಇದ್ದೇ ಇರುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ. ಮುಂದಿನ ಬರಹಗಳಿಗೆ ಕೀಲಿಮಣೆ ಬದಲಿಸಬೇಕಾಗಿಲ್ಲ, ಈಗಿನ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಪರಿವರ್ತನೆಯಾದ ಮೇಲೆ ಮಾತ್ರ ಕಣ್ಣಿಟ್ಟು ಒಮ್ಮೆ ಓದಲೇಬೇಕು, ಏಕೆಂದರೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪಿ ಕೂರುತ್ತವೆ. "ಧರ್ಮ", "ಮೌರ್ಯ", "ಸೂರ್ಯ" ಇಂಥ ಪದಗಳನ್ನು ಮೊದಲು ಹುಡುಕಿ ನೋಡಿ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. "ಆನೆಗೊಂದಿ" ಮತ್ತು "ಆನೆಗೊ೦ದಿ" ಎಂಬ ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡನೆಯದರಲ್ಲಿ ಇರುವುದು ಅಂಕಿ. ಮುದ್ರಿಸಿದ ಹಾಳೆಯಲ್ಲಿ ಓದುಗರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ಪದಗಳು. ಒಬ್ಬ ಲೇಖಕರ ಇಡೀ ಪುಸ್ತಕದಲ್ಲಿ ಈ ಸೊನ್ನೆಗಳನ್ನು ತಿದ್ದಲು ನನಗೆ ಎರಡು ದಿನ ಹಿಡಿದಿತ್ತು. ಹುಡುಕಿ ಬದಲಿಸುವ ಸೌಲಭ್ಯವಿದ್ದರೂ ಇಸವಿಗಳಲ್ಲಿ ನಿಜವಾದ ಸೊನ್ನೆಯೂ ಇರುವುದರಿಂದ ಒಂದೊಂದಾಗಿಯೇ ನೋಡಬೇಕಾಗುತ್ತದೆ.

ಕೊಪ್ಪಳದ ನೀರಾವರಿ ಓಲೆ:

ಡಿಟಿಪಿ ಸರ್ ಹೇಳಿದ್ದು ಬುನಾದಿ, ಅದಿಲ್ಲದೆ ಮುಂದಿನದು ಯಾವುದೂ ನಿಲ್ಲುವುದಿಲ್ಲ. ನಾನು ತುಂಗಭದ್ರಾ ಕಾಲುವೆಗಳು ಮತ್ತು ಅಚ್ಚುಕಟ್ಟಿನ ಬಗ್ಗೆ ಮೂರು ವರ್ಷಗಳಿಂದ ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಶೀರ್ಷಿಕೆ.

ಮೇಡಂ, "ಕಲ್ಲಿನ ಮೌನಕ್ಕೆ ಕಿವಿಗೊಟ್ಟಾಗ" ಎಂಬುದು ನಿಮ್ಮನ್ನು ಬಲ್ಲವರಿಗೆ ಇಷ್ಟವಾಗುವ ಶೀರ್ಷಿಕೆ. ನಿಮ್ಮನ್ನು ಅರಿಯದವರು ಆ ಪದಗಳನ್ನು ಎಂದೂ ಹುಡುಕುವುದಿಲ್ಲ. ಅವರು ಹುಡುಕುವುದು "ಮಸ್ಕಿ", "ಅಶೋಕನ ಹೆಸರಿರುವ ಶಾಸನ", "ದೇವಾನಾಂಪ್ರಿಯ ಯಾರು" ಎಂಬ ಮಾತುಗಳಿಂದ. ಶಾಸನಗಳಲ್ಲಿ ದೇವಾನಾಂಪ್ರಿಯ ಎಂದು ಕರೆಸಿಕೊಂಡ ದೊರೆ ಅಶೋಕನೇ ಎಂಬುದನ್ನು 1915ರಲ್ಲಿ ಸಿಕ್ಕ ಮಸ್ಕಿಯ ಶಾಸನ ಖಚಿತಪಡಿಸಿತಲ್ಲವೇ? ಅದೇ ಮಾತು ಶೀರ್ಷಿಕೆಯಲ್ಲಿ ಮತ್ತು ಮೊದಲ ಎರಡು ವಾಕ್ಯಗಳಲ್ಲಿ ಬರಲಿ. ನಿಮ್ಮ ಕಾವ್ಯಮಯ ಸಾಲನ್ನು ಬಿಡಬೇಕಾಗಿಲ್ಲ, ಉಪಶೀರ್ಷಿಕೆಯಾಗಿ ಇಡಿ. ಇಮೇಲ್‌ಗೆ ಒಂದು, ಹುಡುಕಾಟದ ಫಲಿತಾಂಶಕ್ಕೆ ಇನ್ನೊಂದು ಶೀರ್ಷಿಕೆ ಕೊಡಲು ಸಬ್‌ಸ್ಟ್ಯಾಕ್‌ನಂಥ ನ್ಯೂಸ್‌ಲೆಟರ್ ವೇದಿಕೆಗಳಲ್ಲಿ ಅವಕಾಶವೂ ಇದೆ.

ನನ್ನದೇ ಒಂದು ಉದಾಹರಣೆ ಹೇಳುತ್ತೇನೆ. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳು (ಅಣೆಕಟ್ಟೆಯ ಮೇಲ್ಭಾಗದಿಂದ ನೀರು ಬಿಡುವ ಬಾಗಿಲುಗಳು) ಹೇಗೆ ಕೆಲಸ ಮಾಡುತ್ತವೆ, ಸರಪಳಿ ಮತ್ತು ಪ್ರತಿಭಾರ ಯಾವುದಕ್ಕೆ ಎಂದು ವಿವರಿಸಿ ಒಂದು ಓಲೆ ಬರೆದಿದ್ದೆ. ಶೀರ್ಷಿಕೆ "ತುಂಗಭದ್ರಾ ಅಣೆಕಟ್ಟೆಯ ಕ್ರಸ್ಟ್ ಗೇಟ್ ಹೇಗೆ ಕೆಲಸ ಮಾಡುತ್ತದೆ" ಎಂದಷ್ಟೇ. ಕಳುಹಿಸಿದ ವಾರ ಯಾರೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟ್ ಕೊಚ್ಚಿಹೋಯಿತು. ನಮ್ಮ ಭಾಗದ ರೈತರು ಬೆಳೆಗೆ ನೀರು ಉಳಿಯುತ್ತದೆಯೋ ಇಲ್ಲವೋ ಎಂದು ನಿದ್ದೆಗೆಟ್ಟು ಕುಳಿತ ಆ ದಿನಗಳಲ್ಲಿ ಆ ಹಳೆಯ ಓಲೆಯನ್ನು ನನಗೆ ಪರಿಚಯವೇ ಇಲ್ಲದ ಜನ ಹುಡುಕಿಕೊಂಡು ಬಂದು ಓದಿದರು. ಆಗ ನಾನು ಹೊಸ ಓಲೆ ಬರೆಯಲಿಲ್ಲ. ಅದೇ ಪುಟಕ್ಕೆ, ಅದೇ ಲಿಂಕ್‌ನಲ್ಲಿ, ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯಲು ಇಳಿಸುವ ತಾತ್ಕಾಲಿಕ ತಡೆ) ಎಂದರೇನು, ಅದನ್ನು ಹೇಗೆ ಇಳಿಸುತ್ತಾರೆ ಎಂಬ ವಿವರ ಸೇರಿಸುತ್ತಾ ಹೋದೆ. ಇಮೇಲ್ ಒಂದು ದಿನ ಬದುಕುತ್ತದೆ, ಪುಟ ವರ್ಷಗಟ್ಟಲೆ ಬದುಕುತ್ತದೆ. ಅದಕ್ಕೇ ಪುಟವನ್ನು ಹೊಲದಂತೆ ಹಸನಾಗಿ ಇಟ್ಟುಕೊಳ್ಳಬೇಕು.

ಇನ್ನು ಗೂಗಲ್ ಸರ್ಚ್ ಕನ್ಸೋಲ್, ಅಂದರೆ ನಮ್ಮ ಪುಟಗಳು ಹುಡುಕಾಟದಲ್ಲಿ ಹೇಗೆ ಕಾಣುತ್ತಿವೆ ಎಂದು ತೋರಿಸುವ ಗೂಗಲ್‌ನ ಸಾಧನ. ಅದು ಉಚಿತ. ನಿಮ್ಮ ನ್ಯೂಸ್‌ಲೆಟರ್‌ನ ವಿಳಾಸ ನಿಮ್ಮದೇ ಎಂದು ದೃಢಪಡಿಸಿ, ಸೈಟ್‌ಮ್ಯಾಪ್ (ನಿಮ್ಮ ಎಲ್ಲ ಪುಟಗಳ ವಿಳಾಸಗಳ ಪಟ್ಟಿ) ಸಲ್ಲಿಸಿ. ಮುಖ್ಯವಾದ ಪುಟಗಳ ಲಿಂಕ್ ಕೊಟ್ಟು ಅವನ್ನು ಗೂಗಲ್‌ನ ಹುಡುಕಾಟದ ಸೂಚಿಯಲ್ಲಿ ಸೇರಿಸುವಂತೆ ಕೋರಬಹುದು. ಆದರೆ ಕೋರಿದ ಮಾತ್ರಕ್ಕೆ ಸೇರಿಸಲೇಬೇಕೆಂಬ ನಿಯಮವಿಲ್ಲ, ಕೆಲವು ದಿನಗಳಿಂದ ಕೆಲವು ವಾರಗಳವರೆಗೂ ಕಾಯಬೇಕಾದೀತು. ಜನರು ಯಾವ ಪದಗಳಿಂದ ನಿಮ್ಮ ಪುಟ ಕಂಡರು, ಎಷ್ಟು ಜನ ಒತ್ತಿದರು ಎಂಬುದು ಹಿಂದಿನ 16 ತಿಂಗಳವರೆಗೆ ಅಲ್ಲಿ ಸಿಗುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಿದರೆ ಸಾಕು. ಮುಂದಿನ ಸಂಚಿಕೆಗೆ ವಿಷಯವೂ ಬಹಳ ಸಲ ಅಲ್ಲೇ ಸಿಗುತ್ತದೆ.

ಲಿಂಕ್ ಬಗ್ಗೆ ಒಂದು ಮಾತು ಬಾಕಿ ಇದೆ. ಪುಟದ ವಿಳಾಸದಲ್ಲಿ ಕನ್ನಡ ಅಕ್ಷರಗಳಿದ್ದರೆ ಹಂಚಿಕೊಳ್ಳುವಾಗ ಒಂದೊಂದು ಅಕ್ಷರಚಿಹ್ನೆಯೂ ಶೇಕಡಾ ಗುರುತುಗಳೊಡನೆ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳಬಹುದು. "ಮಸ್ಕಿ ಶಾಸನ" ಎಂಬ ಎರಡೇ ಪದಗಳು 80ಕ್ಕೂ ಹೆಚ್ಚು ಅಕ್ಷರಗಳ ಬಾಲವಾಗುತ್ತವೆ, ನೋಡಿದವರು ಒತ್ತಲು ಹೆದರುತ್ತಾರೆ. ಹೊಸ ಸಂಚಿಕೆಗಳ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಕೊಡಿ. ಈಗಾಗಲೇ ಹಂಚಿದ ಹಳೆಯ ವಿಳಾಸಗಳನ್ನು ಮಾತ್ರ ಬದಲಿಸಬೇಡಿ, ಹಳೆಯ ಲಿಂಕ್‌ಗಳು ಮುರಿಯುತ್ತವೆ.

ಸಿಂಧನೂರಿನ ಓದುಗ:

ನಾನು ಬರೆಯುವವನಲ್ಲ, ಓದುವವನು. ಹೀಗಾಗಿ ಓದುಗನ ಕಡೆಯ ಎರಡು ಮಾತು. ನಮ್ಮ ಕಡೆ ಬಹಳ ಜನರಿಗೆ ಇಮೇಲ್ ಇದ್ದರೂ ಅದನ್ನು ತೆರೆಯುವ ರೂಢಿಯಿಲ್ಲ, ಎಲ್ಲವೂ ವಾಟ್ಸಾಪ್‌ನಲ್ಲೇ. ಬರೀ ಲಿಂಕ್ ಬಂದರೆ ನಾನು ಒತ್ತುವುದಿಲ್ಲ. ಲೇಖನದ ಒಂದು ಒಳ್ಳೆಯ ಪ್ಯಾರಾ ಮೇಲಿದ್ದು ಕೆಳಗೆ ಲಿಂಕ್ ಇದ್ದರೆ ಒತ್ತುತ್ತೇನೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಮಿತಿಯಿದೆ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ವಾಟ್ಸಾಪ್ ಚಾನೆಲ್ ತೆರೆಯುವುದು ಮೇಲು, ಅಲ್ಲಿ ಓದುಗರ ನಂಬರ್ ಇತರ ಓದುಗರಿಗೆ ಕಾಣುವುದಿಲ್ಲ ಎಂಬ ಕಾರಣಕ್ಕೆ ಹೆಣ್ಣುಮಕ್ಕಳೂ ಧೈರ್ಯವಾಗಿ ಸೇರುತ್ತಾರೆ.

ಊರ ಹೆಸರಿನ ವಿಷಯವೂ ಇದೆ. ಬಳ್ಳಾರಿಯ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾದರೂ ಹಳೆಯ "ಬೆಲ್ಲರಿ" ಎಂಬ ರೂಪದಲ್ಲೇ ಹುಡುಕುವವರು ಈಗಲೂ ಇದ್ದಾರೆ. ಎರಡೂ ರೂಪಗಳು ಲೇಖನದಲ್ಲಿ ಒಮ್ಮೆ ಸಹಜವಾಗಿ ಬಂದರೆ ಒಳ್ಳೆಯದು. ಆದರೆ ಮೇಡಂ, ಹುಡುಕುವವರಿಗಾಗಿ ಒಂದೇ ಪದವನ್ನು ಸಾಲುಸಾಲಿಗೂ ತುರುಕಿದ ಲೇಖನಗಳನ್ನು ನಾನು ಅರ್ಧಕ್ಕೆ ಬಿಟ್ಟಿದ್ದೇನೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ರಾಯಚೂರಿನ ಉಪನ್ಯಾಸಕಿ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಮಸ್ಕಿಯ ಸಂಚಿಕೆಯನ್ನು ಯೂನಿಕೋಡ್‌ಗೆ ಪರಿವರ್ತಿಸಿದೆ. "ಮೌರ್ಯ" ಎಂಬ ಪದ ಏಳು ಕಡೆ ಕೆಟ್ಟಿತ್ತು, ಎಲ್ಲವನ್ನೂ ತಿದ್ದಿದೆ. ಸೊನ್ನೆಯ ತಪ್ಪು ನನ್ನಲ್ಲೂ ಇತ್ತು. "ದೇವಾನಾಂಪ್ರಿಯ" ಎಂಬ ಪದದಲ್ಲೇ ಅದು ಇದ್ದದ್ದು ಕಂಡು ಬೇಸರವಾಯಿತು. ಶೀರ್ಷಿಕೆಯನ್ನು "ಮಸ್ಕಿ ಶಾಸನ: ಅಶೋಕನ ಹೆಸರು ಸಿಕ್ಕ ಬಂಡೆ" ಎಂದು ಬದಲಿಸಿದ್ದೇನೆ. ಒಂದೇ ಸಂದೇಹ ಉಳಿದಿದೆ. ಹಳೆಯ ಪುಟವನ್ನು ಅಳಿಸಿ ಹೊಸದಾಗಿ ಪ್ರಕಟಿಸಬೇಕೆ, ಅಥವಾ ಅದನ್ನೇ ತಿದ್ದಬಹುದೆ? ತಿದ್ದಿದರೆ 61 ಜನರಿಗೂ ಮತ್ತೆ ಇಮೇಲ್ ಹೋಗುತ್ತದೆಯೇ?

ಬಳ್ಳಾರಿ ಡಿಟಿಪಿ:

ಅಳಿಸಬೇಡಿ ಮೇಡಂ. ಅದೇ ಪುಟವನ್ನು ತೆರೆದು ಚಿತ್ರಗಳನ್ನು ತೆಗೆದು ಆ ಜಾಗದಲ್ಲಿ ಬರಹ ಹಾಕಿ. ತಿದ್ದುವುದರಿಂದ ಮತ್ತೆ ಇಮೇಲ್ ಹೋಗುವುದಿಲ್ಲ, ಮೊದಲು ಹೋದ ಇಮೇಲ್ ಬದಲಾಗುವುದೂ ಇಲ್ಲ. ಬಂಡೆಯ ಫೋಟೋ ಇದ್ದರೆ ಅದನ್ನು ಉಳಿಸಿಕೊಂಡು, ಅದು ಎಲ್ಲಿಯ ಬಂಡೆ, ಯಾವ ಸಾಲಿನಲ್ಲಿ ಹೆಸರಿದೆ ಎಂದು ಕೆಳಗೆ ಒಂದು ವಾಕ್ಯ ಬರೆಯಿರಿ. ಉಳಿದ ಹದಿನೈದರಲ್ಲಿ ಮುದಗಲ್ ಕೋಟೆಯದನ್ನು ಮೊದಲು ತೆಗೆದುಕೊಳ್ಳಿ. ಪರಿವರ್ತಿಸಿದ ಕಡತವನ್ನು ನನಗೆ ಕಳುಹಿಸಿದರೆ ಒತ್ತಕ್ಷರಗಳನ್ನು ನಾನೂ ಒಮ್ಮೆ ನೋಡಿಕೊಡುತ್ತೇನೆ.